ಟ್ರೋಫಿ ಸಾಕು, ಲೀಗ್ ಬೇಕು: ಮಲೆನಾಡಿನ ಡಿಫೆಂಡರ್‌ಗಳ ಪರವಾಗಿ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳು. ಏಳೂ ತಾಲ್ಲೂಕುಗಳ ದೈಹಿಕ ಶಿಕ್ಷಕರು ಮತ್ತು ಪೋಷಕರು – ಇವರಿಗೆ,

ಮಾನ್ಯರೇ,

ಗದ್ದೆ ಕೊಯ್ಲು ಮುಗಿದು ನೆಲ ಗಟ್ಟಿಯಾಗುತ್ತಿದ್ದಂತೆ ನಮ್ಮ ಕಡೆ ಫುಟ್‌ಬಾಲ್ ಟೂರ್ನಮೆಂಟುಗಳು ಶುರುವಾಗುತ್ತವೆ. ಶಾಮಿಯಾನ, ಫ್ಲೆಕ್ಸು, ಹೊನಲು ಬೆಳಕು, ಆಡುವ ಹುಡುಗನ ಸೊಂಟದೆತ್ತರದ ಟ್ರೋಫಿ. ಎರಡು ಮೂರು ದಿನದಲ್ಲಿ ಎಲ್ಲ ಮುಗಿದೂ ಹೋಗುತ್ತದೆ. ಕೊನೆಗೆ ವೇದಿಕೆಯ ಮೇಲೆ ‘ಬೆಸ್ಟ್ ಡಿಫೆಂಡರ್’ ಎಂದು, ಅಂದರೆ ಎದುರಾಳಿಯ ಗೋಲು ತಡೆಯಲು ಹಿಂದೆ ನಿಲ್ಲುವವರಲ್ಲಿ ಉತ್ತಮನೆಂದು, ಒಂದು ಪುಟ್ಟ ಕಪ್ಪು ಕೊಡುತ್ತಾರೆ. ಅದನ್ನು ಗೆದ್ದ ಹುಡುಗ ಮುಂದಿನ ತಿಂಗಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಟ್ರಯಲ್ಸ್‌ಗೆ ಹೋಗುತ್ತಾನೆ. ಹದಿನೈದು ನಿಮಿಷಕ್ಕೆಲ್ಲ ಹೊರಗೆ ಬಂದು ಕೂರುತ್ತಾನೆ. ಅವನ ಕಾಲಲ್ಲಿ ಬಲ ಕಡಿಮೆಯೇನಲ್ಲ, ಧೈರ್ಯಕ್ಕೂ ಕೊರತೆಯಿಲ್ಲ. ಇಲ್ಲಿಯವರೆಗೆ ಅವನು ಆಡಿದ್ದೇ ಒಂದು ಆಟ, ಅಲ್ಲಿ ಕೇಳಿದ್ದು ಇನ್ನೊಂದು.

ನಾವು ಈ ಜಿಲ್ಲೆಯಲ್ಲಿ ಮಕ್ಕಳಿಗೆ ಚೆಂಡು ಕಲಿಸುವವರು, ಸೀಟಿ ಊದುವವರು, ಸುಣ್ಣದಲ್ಲಿ ಗೆರೆ ಹಾಕುವವರು. ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ: ಟೂರ್ನಮೆಂಟಿಗೆ ಹೋಗುವ ದುಡ್ಡು, ಮೈದಾನ, ದಿನಗಳನ್ನು ಒಂದು ಹನ್ನೊಂದು ಜನರ ಲೀಗಿಗೆ ತಿರುಗಿಸಿ. ಹಾಗೆ ಮಾಡದೆ ಈ ನೆಲದಿಂದ ಒಬ್ಬ ವೃತ್ತಿಪರ ಡಿಫೆಂಡರ್ ಬರುವುದು ಕಷ್ಟ. ಗೋಲು ಹೊಡೆಯುವ ಫಾರ್ವರ್ಡ್ ಬರಬಹುದು. ಕಾಲಿನ ಚಳಕ ಗಲ್ಲಿಯಲ್ಲೂ ಬೆಳೆಯುತ್ತದೆ, ಅಡಿಕೆ ಒಣಗಿಸುವ ಅಂಗಳದಲ್ಲೂ ಬೆಳೆಯುತ್ತದೆ. ಡಿಫೆಂಡರ್ ಬೆಳೆಯುವುದು ಪೂರ್ಣ ಅಳತೆಯ ಮೈದಾನದಲ್ಲಿ, ಬಾವುಟ ಹಿಡಿದ ಲೈನ್ಸ್‌ಮನ್ ಇರುವಲ್ಲಿ, ವಾರವಾರವೂ ಅದೇ ಮೂವರು ಜೊತೆ ಡಿಫೆಂಡರ್‌ಗಳ ಪಕ್ಕ ನಿಂತು ಆಡಿದಾಗ.

ಮೊದಲು ಲೆಕ್ಕ ನೋಡಿ. 16 ತಂಡಗಳ ನಾಕೌಟ್ ಎಂದರೆ ಒಟ್ಟು 15 ಪಂದ್ಯ. ಎಂಟು ತಂಡಗಳು ಮೊದಲ ಪಂದ್ಯ ಸೋತು ಅದೇ ದಿನ ಊರಿಗೆ ವಾಪಸು. ನಾಲ್ಕು ಪಂದ್ಯ ಆಡುವುದು ಫೈನಲ್‌ಗೆ ಬಂದ ಎರಡೇ ತಂಡ. ಅರ್ಧಕ್ಕೆ 20 ನಿಮಿಷದಂತೆ ಆಡಿಸಿದರೆ, ಸೊರಬದಿಂದಲೋ ಹೊಸನಗರದಿಂದಲೋ ಟೆಂಪೋ ಮಾಡಿಕೊಂಡು ಬಂದ ಹುಡುಗನಿಗೆ ಇಡೀ ವರ್ಷಕ್ಕೆ ಸಿಕ್ಕಿದ್ದು 40 ನಿಮಿಷದ ಆಟ. ಅದೇ 8 ತಂಡಗಳ ಲೀಗ್ ಮಾಡಿ, ಪ್ರತಿ ತಂಡವೂ ಉಳಿದ ಏಳರ ಜೊತೆ ಎರಡೆರಡು ಸಲ ಆಡಲಿ. ತಂಡಕ್ಕೆ 14 ಪಂದ್ಯ, ಒಟ್ಟು 56. ಪಂದ್ಯಕ್ಕೆ 80 ನಿಮಿಷವೆಂದರೆ ಒಬ್ಬೊಬ್ಬನಿಗೆ 1,120 ನಿಮಿಷ. ವಾರಕ್ಕೆ ನಾಲ್ಕು ಪಂದ್ಯ, ಶನಿವಾರ ಎರಡು, ಭಾನುವಾರ ಎರಡು. ಒಂದು ವಾರಕ್ಕೆ ಒಂದೇ ಮೈದಾನ ಸಾಕು, ಎಲ್ಲಕ್ಕೂ ಹದಿನಾಲ್ಕು ವಾರ ಸಾಕು. ಅಕ್ಟೋಬರ್ ಮಧ್ಯದಲ್ಲಿ ಶುರು ಮಾಡಿದರೆ ಜನವರಿ ಮುಗಿಯುವುದರೊಳಗೆ ಮುಗಿಯುತ್ತದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಅಡ್ಡಿಯಿಲ್ಲ.

ಇನ್ನು ಏಳು ಜನರ ಆಟದ ವಿಷಯ. ನೋಡಲು ಚೆಂದ, ಜನ ಸೇರುತ್ತಾರೆ, ನಮ್ಮದೇನೂ ತಕರಾರಿಲ್ಲ. ಆದರೆ ಸೆವೆನ್ಸ್‌ನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ (ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಅವರ ಗೋಲಿಗೆ ಹತ್ತಿರ ನಿಂತವನಿಗೆ ಚೆಂಡು ಕೊಟ್ಟರೆ ತಪ್ಪು ಎಂಬ ನಿಯಮ) ಇರುವುದಿಲ್ಲ. ಎದುರಾಳಿಯ ಫಾರ್ವರ್ಡ್ ನಮ್ಮ ಗೋಲಿನ ಬಾಯಲ್ಲೇ ಕಾದು ನಿಲ್ಲಬಹುದು. ಆಗ ನಮ್ಮ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ಏನು ಮಾಡುತ್ತಾನೆ? ಅವನ ಬೆನ್ನಿಗೆ ಅಂಟಿಕೊಂಡು ಗೋಲ್‌ಕೀಪರ್‌ನ ಪಕ್ಕದಲ್ಲೇ ನಿಲ್ಲುತ್ತಾನೆ. ಅಲ್ಲಿ ಅದೇ ಸರಿ. ಆರು ವರ್ಷ ಹಾಗೆ ನಿಂತ ಕಾಲು ಹನ್ನೊಂದು ಜನರ ಆಟಕ್ಕೆ ಬಂದಾಗಲೂ ತಾನಾಗಿಯೇ ಹಿಂದೆ ಸರಿಯುತ್ತದೆ. ಜೊತೆಯ ಮೂವರು ಡಿಫೆಂಡರ್‌ಗಳು ಮುಂದೆ ಏರಿ ನಿಂತಿರುತ್ತಾರೆ, ಇವನೊಬ್ಬ ಐದು ಹೆಜ್ಜೆ ಹಿಂದೆ ಉಳಿದಿರುತ್ತಾನೆ. ಎದುರಾಳಿ ತಂಡದ ಅಷ್ಟೂ ಜನ ಆನ್‌ಸೈಡ್, ಅಂದರೆ ನಿಯಮದೊಳಗೆ! ಟ್ರಯಲ್ಸ್‌ನ ಕೋಚ್ ಹೆಸರಿನ ಮುಂದೆ ಅಡ್ಡಗೆರೆ ಎಳೆಯುವುದು ಈ ಐದು ಹೆಜ್ಜೆ ನೋಡಿಯೇ.

ದೈಹಿಕ ಶಿಕ್ಷಕ ಮಿತ್ರರಿಗಾಗಿ ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ನಾಲ್ವರು ಡಿಫೆಂಡರ್‌ಗಳು 68 ಮೀಟರನ್ನು ಸಮವಾಗಿ ಹಂಚಿಕೊಂಡರೆ ತಲೆಗೆ 17 ಮೀಟರ್ ಬೀಳುತ್ತದೆ. ಅಷ್ಟು ದೊಡ್ಡ ಕಂಡಿಯಲ್ಲಿ ಎತ್ತಿನಗಾಡಿಯೂ ನುಗ್ಗಬಹುದು. ಆದ್ದರಿಂದ ಹಂಚಿಕೊಳ್ಳಬಾರದು. ಒಬ್ಬರಿಂದೊಬ್ಬರಿಗೆ 8ರಿಂದ 12 ಮೀಟರ್ ಅಂತರ ಇಟ್ಟುಕೊಂಡು ನಾಲ್ವರೂ ಚೆಂಡಿರುವ ಕಡೆಗೆ ಸರಿಯಬೇಕು, ಆಚೆ ಬದಿಯನ್ನು ಗೊತ್ತಿದ್ದೇ ಖಾಲಿ ಬಿಡಬೇಕು. ಚೆಂಡು ಆ ಬದಿಗೆ ಹಾರಿ ಬರಲು ಎರಡು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಸಾಲು ಅತ್ತ ಸರಿದಿರುತ್ತದೆ. ಈ ಸರಿದಾಟವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಬರೆದರೂ ಬರುವುದಿಲ್ಲ. ಅರ್ಧ ಮೈದಾನದಲ್ಲಿ ಆಡಿಸಿದರೂ ಬರುವುದಿಲ್ಲ, ಅಲ್ಲಿ ಖಾಲಿ ಬಿಡಲು ಜಾಗವೇ ಇರುವುದಿಲ್ಲವಲ್ಲ.

ಹಾಗೆಯೇ ಹಿಂದೆ ಮುಂದೆ ಚಲಿಸುವುದು. ಚೆಂಡಿರುವ ಎದುರಾಳಿ ತಲೆಯೆತ್ತಿ, ಮೇಲೆ ಬೀಳುವವರು ಯಾರೂ ಇಲ್ಲದೆ ಉದ್ದ ಒದೆಯಲು ಕಾಲು ಹಿಂದೆ ತೆಗೆದ ಎಂದರೆ ಸಾಲು ಕೂಡಲೇ ಮೂರು ನಾಲ್ಕು ಹೆಜ್ಜೆ ಇಳಿಯಬೇಕು. ಅವನು ಚೆಂಡನ್ನು ತನ್ನ ಗೋಲಿನ ಕಡೆಗೇ ಹಿಂದೆ ಕೊಟ್ಟರೆ ಅಷ್ಟೇ ಬೇಗ ಮೇಲೇರಬೇಕು. ಅವನ ಮೇಲೆ ನಮ್ಮವನೊಬ್ಬ ಬಿದ್ದಿದ್ದರೆ ಇದ್ದಲ್ಲೇ ನಿಲ್ಲಬೇಕು. ಕೂಗುವುದು ಒಬ್ಬನೇ, ಇಬ್ಬರು ಸ್ಟಾಪರ್‌ಗಳಲ್ಲಿ ಒಬ್ಬ. ‘ಏರು’, ‘ಇಳಿ’, ‘ನಿಲ್ಲು’ – ಮೂರೇ ಮಾತು. ಟಿವಿ ನೋಡಿ ಕಲಿತ ಇಂಗ್ಲಿಷ್ ಪದಗಳನ್ನು ಆರು ಜನ ಆರು ರೀತಿ ಕೂಗುವುದಕ್ಕಿಂತ ಈ ಮೂರು ಎಷ್ಟೋ ವಾಸಿ. ಆಫ್‌ಸೈಡ್ ಲೆಕ್ಕ ಹಾಕುವುದು ಸಹ ಆಟಗಾರ ಚೆಂಡನ್ನು ಒದ್ದ ಕ್ಷಣದಲ್ಲೇ ಹೊರತು ಚೆಂಡು ಬಂದು ಮುಟ್ಟಿದಾಗಲ್ಲ. ಕೈ, ತೋಳು ಲೆಕ್ಕಕ್ಕಿಲ್ಲ. ಥ್ರೋ (ಸೈಡ್ ಲೈನಿನಿಂದ ಕೈಯಲ್ಲಿ ಎಸೆತ), ಗೋಲ್ ಕಿಕ್ (ತಮ್ಮ ಗೋಲಿನ ಮುಂದಿನಿಂದ ಒದೆತ), ಕಾರ್ನರ್‌ (ಮೂಲೆಯ ಒದೆತ) ಇವುಗಳಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಥ್ರೋ ವೇಳೆ ಸಾಲು ಏರಿಸಿ ಗೋಲು ತಿಂದ ತಂಡಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಒಬ್ಬರಿಗೊಬ್ಬರು ಎದುರಾದಾಗಿನ ಪಾಠ ಇದಕ್ಕಿಂತ ಸರಳ, ಆದರೆ ಅದನ್ನೂ ಕೆಡಿಸಿಟ್ಟಿದ್ದೇವೆ. ಎದುರಾಳಿಯಿಂದ ಒಂದರಿಂದ ಒಂದೂವರೆ ಮೀಟರ್ ದೂರ, ಮೈ ಪಕ್ಕಕ್ಕೆ ತಿರುಗಿ, ಮೊಣಕಾಲು ಮಡಿಸಿ, ಭಾರ ಕಾಲಿನ ಮುಂತುದಿಯ ಮೇಲೆ, ಕಣ್ಣು ಚೆಂಡಿನ ಮೇಲೆ. ಅವನ ಸೊಂಟ ಕುಣಿದರೂ ಚೆಂಡು ಕುಣಿದಿರುವುದಿಲ್ಲ. ಅವನನ್ನು ಸೈಡ್ ಲೈನ್ ಕಡೆಗೆ ನೂಕುತ್ತ ಹೋಗಬೇಕು. ಸುಣ್ಣದ ಆ ಗೆರೆ ಸಂಬಳ ಕೇಳದ ಇನ್ನೊಬ್ಬ ಡಿಫೆಂಡರ್. ನಮ್ಮ ಹುಡುಗರಿಗೆ ಇಷ್ಟವಾಗುವುದು ಮಾತ್ರ ಜಾರಿ ಬಿದ್ದು ಚೆಂಡು ಕಸಿಯುವುದು, ಮಳೆಗಾಲದ ಕೆಸರಲ್ಲಂತೂ ಅದೇ ಹಬ್ಬ. ಒದ್ದೆ ನೆಲದಲ್ಲಿ ಜಾರುವ ಮೈ ಅಂದುಕೊಂಡ ಜಾಗದಲ್ಲಿ ನಿಲ್ಲುವುದಿಲ್ಲ. ತಪ್ಪಿದರೆ ಎದ್ದು ಓಡಲು ಎರಡು ಸೆಕೆಂಡ್ ಬೇಕು, ಅಷ್ಟರಲ್ಲಿ ಎದುರಾಳಿ ಹತ್ತು ಮೀಟರ್ ಮುಂದೆ. 16.5 ಮೀಟರಿನ ಪೆನಾಲ್ಟಿ ಬಾಕ್ಸ್‌ನೊಳಗೆ ಚೆಂಡು ತಪ್ಪಿ ಎದುರಾಳಿಯನ್ನು ಬೀಳಿಸಿದರೆ 11 ಮೀಟರಿಂದ ಪೆನಾಲ್ಟಿ. ಚಪ್ಪಾಳೆ ಬೀಳುವುದು ಜಾರಿದಾಗಲೇ ಆದರೂ, ಜಾರುವ ಪ್ರಸಂಗವೇ ಬಾರದಂತೆ ನಿಂತವನೇ ಒಳ್ಳೆಯ ಡಿಫೆಂಡರ್.

‘ಬಂದ ಚೆಂಡನ್ನು ಹೊಡೆದು ಆಚೆ ಹಾಕು’ ಎಂಬ ಬೋಧನೆಯೂ ಈಗ ನಡೆಯುವುದಿಲ್ಲ. ಈ ಕೆಲಸವನ್ನು ಬದಲಿಸಿದ್ದು ಕಾನೂನುಗಳೇ. 1925ರವರೆಗೆ ಆಫ್‌ಸೈಡ್ ತಪ್ಪಿಸಿಕೊಳ್ಳಲು ಫಾರ್ವರ್ಡ್‌ನ ಮುಂದೆ ಮೂವರು ಎದುರಾಳಿಗಳು ಇರಬೇಕಿತ್ತು, ಆ ವರ್ಷ ಇಬ್ಬರು ಸಾಕು ಎಂದಾಯಿತು. ಗೋಲುಗಳು ಹೆಚ್ಚಿದವು, ಅದನ್ನು ತಡೆಯಲು ಇಂಗ್ಲೆಂಡಿನ ಆರ್ಸೆನಲ್ ತಂಡ ನಡುವಿನ ಹಾಫ್ ಬ್ಯಾಕನ್ನು (ಮಧ್ಯದ ಸಾಲಿನ ಆಟಗಾರನನ್ನು) ಹಿಂದಕ್ಕೆಳೆದು ಇಬ್ಬರು ಬ್ಯಾಕ್‌ಗಳ, ಅಂದರೆ ಡಿಫೆಂಡರ್‌ಗಳ, ಮಧ್ಯೆ ನಿಲ್ಲಿಸಿತು. ಇವತ್ತಿಗೂ ನಾವು ‘ಸ್ಟಾಪರ್’ ಎನ್ನುವುದು ಅವನನ್ನೇ. 1990ರಲ್ಲಿ ಕೊನೆಯಿಂದ ಎರಡನೆಯ ಎದುರಾಳಿಯ ಸಮಸಾಲಿನಲ್ಲಿದ್ದರೆ ಆನ್‌ಸೈಡ್ ಎಂದರು. 1992ರಲ್ಲಿ ಸಹ ಆಟಗಾರ ಬೇಕೆಂದೇ ಕಾಲಲ್ಲಿ ಹಿಂದೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಎಂದರು. ಇಕ್ಕಟ್ಟಾದಾಗ ಗೋಲ್‌ಕೀಪರ್‌ಗೆ ದಾಟಿಸಿ ಉಸಿರು ಬಿಡುತ್ತಿದ್ದ ಬ್ಯಾಕ್‌ಗಳ ಕಾಲ ಅಲ್ಲಿಗೆ ಮುಗಿಯಿತು. 2019ರಿಂದ ಗೋಲ್ ಕಿಕ್ ಬಾಕ್ಸ್ ದಾಟಿ ಹೊರಬರಬೇಕೆಂದಿಲ್ಲ. ಈಗ ಸ್ಟಾಪರ್ ಗೋಲಿನ ಪಕ್ಕದಲ್ಲೇ ಚೆಂಡು ಪಡೆದು, ಎದುರಾಳಿ ಫಾರ್ವರ್ಡ್ ಮೇಲೆ ಬೀಳುತ್ತಿರುವಾಗಲೇ 30 ಮೀಟರಿನ ಪಾಸ್ ಕೊಡಬೇಕು, ಎರಡೂ ಕಾಲಲ್ಲಿ. ಎಡಗಾಲು ಬಸ್ಸು ಹತ್ತುವುದಕ್ಕಷ್ಟೇ ಎನ್ನುವ ಹುಡುಗನಿಗೆ ಹದಿನಾರರ ನಂತರ ಈ ವೃತ್ತಿಯಲ್ಲಿ ಜಾಗ ಸಿಗುವುದು ಅಪರೂಪ.

ಪೋಷಕರು ಕೇಳುವ ಪ್ರಶ್ನೆ: ಇದರಲ್ಲಿ ಹೊಟ್ಟೆ ತುಂಬುತ್ತದೆಯೇ, ಎಷ್ಟು ವರ್ಷ?

ಹತ್ತು ಹನ್ನೆರಡನೆಯ ವಯಸ್ಸಿಗೆ ಕ್ರಮವಾಗಿ ಆಡಲು ಶುರು. ಆ ವಯಸ್ಸಲ್ಲಿ ಯಾರನ್ನೂ ‘ನೀನು ಬ್ಯಾಕ್’ ಎಂದು ಕಟ್ಟಿಹಾಕಬಾರದು, ಎಲ್ಲ ಜಾಗದಲ್ಲೂ ಆಡಿಸಬೇಕು. ಹದಿಮೂರಕ್ಕೆ ಎತ್ತರ ಬೆಳೆದವನನ್ನು ಸ್ಟಾಪರ್ ಮಾಡಿ, ಗಿಡ್ಡನನ್ನು ಮನೆಗೆ ಕಳಿಸುವುದು ನಮ್ಮ ಆಯ್ಕೆ ಶಿಬಿರಗಳ ಹಳೆಯ ರೋಗ. ಬೇಗ ಬೆಳೆದವನು ಬೇಗ ನಿಲ್ಲುತ್ತಾನೆ, ಅಷ್ಟೇ. 2006ರಲ್ಲಿ ವಿಶ್ವಕಪ್ ಎತ್ತಿ, ಅದೇ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ ಪಡೆದ ಇಟಲಿಯ ಸ್ಟಾಪರ್ ಫ್ಯಾಬಿಯೊ ಕನ್ನವಾರೊ ಅವರ ಎತ್ತರ 1.76 ಮೀಟರ್. ಜರ್ಮನಿಯ ಬ್ಯಾಕ್ ಫಿಲಿಪ್ ಲಾಮ್ 1.70. ಹದಿನೈದು ಹದಿನಾರಕ್ಕೆ ಮನೆ ಬಿಟ್ಟು ಅಕಾಡೆಮಿಗೋ ಕ್ರೀಡಾ ಹಾಸ್ಟೆಲಿಗೋ ಹೋಗುವ ತೀರ್ಮಾನ. ಹದಿನೆಂಟರಿಂದ ಇಪ್ಪತ್ತೊಂದರ ನಡುವೆ ಮೊದಲ ಒಪ್ಪಂದ ಆದರೆ ಆಯಿತು.

ಫಾರ್ವರ್ಡ್‌ಗಿಂತ ಡಿಫೆಂಡರ್ ಮಾಗುವುದು ತಡ, ಉಳಿಯುವುದೂ ಹೆಚ್ಚು ಕಾಲ. ಓಟದ ವೇಗ ಇಳಿದರೂ ಓದುವ ಕಣ್ಣು ಹರಿತವಾಗುತ್ತ ಹೋಗುತ್ತದೆ. ಇಪ್ಪತ್ತೇಳರಿಂದ ಮೂವತ್ತೊಂದು ಅವನ ಸುಗ್ಗಿ. ಕೇರಳದ ಮಲಪ್ಪುರಂನ ಡಿಫೆಂಡರ್ ಅನಸ್ ಎಡತೊಡಿಕ ತಾರುಣ್ಯದಲ್ಲಿ ಆಟೋ ಓಡಿಸಿದವರು. ಭಾರತ ತಂಡಕ್ಕೆ ಮೊದಲ ಸಲ ಆಡಿದ್ದು 2017ರಲ್ಲಿ, ಮೂವತ್ತು ತುಂಬಿದ ಮೇಲೆ. ಇಟಲಿಯ ಡಿಫೆಂಡರ್ ಪಾವ್ಲೊ ಮಾಲ್ದೀನಿ ಎ.ಸಿ. ಮಿಲಾನ್ ತಂಡಕ್ಕೆ 1985ರಿಂದ 2009ರವರೆಗೆ ಆಡಿದರು, ನಲವತ್ತು ದಾಟಿ ಬೂಟು ಬಿಚ್ಚಿದರು. ಸಾಮಾನ್ಯರಿಗೆ ಮೂವತ್ತಮೂರು ಮೂವತ್ತೈದೇ ಕೊನೆ. ಅಂದರೆ ಸಂಬಳದ ವರ್ಷಗಳು ಸುಮಾರು ಹದಿನೈದು. ಅದೂ ಖಾತ್ರಿಯಿಲ್ಲ: 2025ರಲ್ಲಿ ದೇಶದ ವೃತ್ತಿಪರ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸಕಾಲಕ್ಕೆ ಶುರುವಾಗದೆ ದೇಶದ ಕೆಲವು ದೊಡ್ಡ ಕ್ಲಬ್‌ಗಳೇ ಸಂಬಳ ನಿಲ್ಲಿಸಿದವು. ಆದ್ದರಿಂದ ಪಿಯುಸಿ, ಪದವಿ ಬಿಡಿಸಬೇಡಿ. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾಕ್ಕೂ ಅಂಕಪಟ್ಟಿ ಬೇಕು.

ನಮ್ಮ ರಾಜ್ಯದಲ್ಲಿ ಅವಕಾಶವಿಲ್ಲ ಎನ್ನುವ ಮಾತು ಮಾತ್ರ ಒಪ್ಪುವಂಥದ್ದಲ್ಲ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರು ಎಫ್‌ಸಿಗೆ 2018–19ರ ಐಎಸ್‌ಎಲ್ ಕಿರೀಟ ತಂದ ಏಕೈಕ ಗೋಲನ್ನು ಫೈನಲ್‌ನ ಹೆಚ್ಚುವರಿ ಸಮಯದಲ್ಲಿ, ಕಾರ್ನರ್‌ಗೆ ತಲೆಕೊಟ್ಟು ಹೊಡೆದದ್ದು ಡಿಫೆಂಡರ್ ರಾಹುಲ್ ಭೇಕೆ. ಇನ್ನೂ ಹಿಂದಕ್ಕೆ ಹೋದರೆ, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕ ಸೈಲೇನ್ ಮನ್ನಾ ಬ್ಯಾಕ್ ಆಟಗಾರ. 1962ರ ಜಕಾರ್ತಾ ಕೂಟದಲ್ಲಿ ಸ್ಟಾಪರ್ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡು, ಹಿಂದೆ ಆಡಿಸುವುದು ಬೇಡವೆಂದು ಫಾರ್ವರ್ಡ್ ಆಗಿ ಇಳಿಸಿದಾಗ, ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಗೋಲನ್ನೂ ಹೊಡೆದರು. (ಇವತ್ತಿನ ಯಾವ ವೈದ್ಯರೂ ಅದಕ್ಕೆ ಒಪ್ಪಬಾರದು. ತಲೆಯ ವಿಷಯ ಮುಂದೆ ಬರೆದಿದ್ದೇವೆ.)

ಈಗ ಮೈದಾನ. ಈ ವಿಷಯದಲ್ಲಿ ಎಂಜಿನಿಯರುಗಳಿಗಿಂತ ನಮ್ಮ ತೋಟದವರನ್ನು ಕೇಳುವುದು ಮೇಲು. ಅಡಿಕೆ ತೋಟಕ್ಕೆ ಬಸಿಗಾಲುವೆ ಇಲ್ಲದಿದ್ದರೆ ಏನಾಗುತ್ತದೆ ಎಂದು ತೀರ್ಥಹಳ್ಳಿಯ ಯಾವ ಮನೆಯ ಜಗುಲಿಯಲ್ಲಿ ಕೇಳಿದರೂ ಹೇಳುತ್ತಾರೆ: ಬೇರು ಕೊಳೆಯುತ್ತದೆ. ಫುಟ್‌ಬಾಲ್ ಮೈದಾನಕ್ಕೂ ಅದೇ ಮಾತು. ನಮ್ಮಲ್ಲಿ ಮೈದಾನ ಮಾಡುವುದೆಂದರೆ ಜೆಸಿಬಿ ತಂದು ನೆಲ ಮಟ್ಟ ಮಾಡಿ ಕೆಂಪು ಮಣ್ಣು ಹರಡುವುದು. ಮಟ್ಟ ಮಾಡಿದ್ದೇ ಮೊದಲ ತಪ್ಪು. ನಡುವಿನಿಂದ ಎರಡೂ ಬದಿಗೆ ನೂರಕ್ಕೆ ಒಂದರಂತೆ ಇಳಿಜಾರು ಬೇಕು. 68 ಮೀಟರ್ ಅಗಲದ ಮೈದಾನದಲ್ಲಿ ನಡುವು ಅಂಚಿಗಿಂತ 34 ಸೆಂಟಿಮೀಟರ್ ಎತ್ತರ ಇರಬೇಕು. ಕಣ್ಣಿಗೆ ಕಾಣುವುದಿಲ್ಲ, ಆಟಕ್ಕೆ ತೊಡಕಿಲ್ಲ, ನೀರಿಗೆ ಗೊತ್ತಾಗುತ್ತದೆ.

ಕೆಳಗೆ ಆರಾರು ಮೀಟರಿಗೊಂದು ಅಡ್ಡ ಕಾಲುವೆ: 60 ಸೆಂಟಿಮೀಟರ್ ಆಳ, ಒಂದು ಗೇಣು ಅಗಲ, ತಳದಲ್ಲಿ ನಾಲ್ಕು ಇಂಚಿನ ತೂತು ಪೈಪು, 40 ಸೆಂಟಿಮೀಟರ್‌ವರೆಗೆ ಜಲ್ಲಿ, ಮೇಲೆ ದಪ್ಪ ಮರಳು. 105 ಮೀಟರಿಗೆ 18 ಸಾಲು ಬರುತ್ತದೆ. ಪೈಪು ಸುಮಾರು 1,225 ಮೀಟರ್, ಜಲ್ಲಿ ಸುಮಾರು 100 ಘನ ಮೀಟರ್. ಕಾಲುವೆಯ ಒಳಗೋಡೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸದಿದ್ದರೆ ಗೋಡು ಮಣ್ಣು ಇಳಿದು ಕೆಲವೇ ಮಳೆಗಾಲದಲ್ಲಿ ಜಲ್ಲಿಯ ಸಂದು ಮುಚ್ಚಿಬಿಡುತ್ತದೆ. ಟೆಂಡರಿನಲ್ಲಿ ಮೊದಲು ಬಿಟ್ಟುಹೋಗುವುದು ಈ ಬಟ್ಟೆಯೇ, ಏಕೆಂದರೆ ಮಣ್ಣು ಮುಚ್ಚಿದ ಮೇಲೆ ಅದು ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ದಯವಿಟ್ಟು ಮುಚ್ಚುವ ಮೊದಲು ಒಂದು ಫೋಟೋ ಕಡತಕ್ಕೆ ಹಾಕಿಸಿ.

ಹುಲ್ಲಿಗೆ ದೂರ ಹೋಗಬೇಕಿಲ್ಲ. ನರ್ಸರಿಯವರು ಬರ್ಮುಡಾ ಎಂದು ಮಾರುವುದು ಗಣಪತಿಗೆ ಏರಿಸುವ ನಮ್ಮ ಗರಿಕೆಯ ಕುಲವೇ. ತುಳಿತ ತಡೆಯುತ್ತದೆ, ಕತ್ತರಿಸಿದಷ್ಟೂ ಹಬ್ಬುತ್ತದೆ. ನೆರಳು ಮಾತ್ರ ಆಗದು. ಆದ್ದರಿಂದ ಅಂಚಿನಲ್ಲಿ ಅಕೇಶಿಯಾ ಸಾಲು ಬೇಡ. ಎತ್ತರ 25–30 ಮಿಲಿಮೀಟರ್ ಇರಲಿ. ವಾರಕ್ಕೆ ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡಿಸಿದರೆ ಗೋಲಿನ ಬಾಯಿ ಬೋಳಾಗುತ್ತದೆ. ಇನ್ನೊಂದು ವಿನಂತಿ: ಮೈದಾನವನ್ನು ಸಮಾವೇಶ, ವಸ್ತುಪ್ರದರ್ಶನಕ್ಕೆ ಬಾಡಿಗೆ ಕೊಡುವ ಪದ್ಧತಿ ನಿಲ್ಲಲಿ. ಶಾಮಿಯಾನದ ಗೂಟ ಎರಡಡಿ ಇಳಿದರೆ ಪೈಪು ಒಡೆಯುತ್ತದೆ, ಲಾರಿಯ ಚಕ್ರ ಒಮ್ಮೆ ಹಾದರೆ ನೆಲ ಇಟ್ಟಿಗೆಯಾಗುತ್ತದೆ. ಆ ಗಟ್ಟಿ ನೆಲದ ಮೇಲೆ ದಿನಕ್ಕೆ ಐವತ್ತು ಸಲ ಹಾರಿ ಇಳಿಯುವ ಹುಡುಗನ ಮೊಣಕಾಲು ಅದರ ಬಾಡಿಗೆ ಕಟ್ಟುತ್ತದೆ.

ಮಳೆಯ ನೆಪ ಹೇಳುವವರಿಗೆ ಒಂದು ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವುದು ನಿಜ. ಆದರೆ ಪೂರ್ವಕ್ಕೆ ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಬಂದಂತೆ ಮಳೆ ತೀರಾ ಕಡಿಮೆ. ಲೀಗಿನ ಮೊದಲ ಆರು ವಾರದ ಪಂದ್ಯಗಳನ್ನು ಆ ಬದಿಯಲ್ಲಿ, ಉಳಿದವನ್ನು ಸಾಗರ, ತೀರ್ಥಹಳ್ಳಿ ಕಡೆ ಇಟ್ಟರೆ ಸಾಕು.

ಮೈಯ ವಿಷಯ. ಡಿಫೆಂಡರ್‌ಗೆ ಬರುವ ಗಾಯಗಳು ಗೊತ್ತಿರುವವೇ: ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು, ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯು, ಪಾದದ ಗೆಣ್ಣು, ತಲೆಗೆ ಪೆಟ್ಟು. ಎಸಿಎಲ್ ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಒಂಬತ್ತು ತಿಂಗಳು ಪಂದ್ಯವಿಲ್ಲ. ಭಾರತ ತಂಡದ ಸಂದೇಶ್ ಜಿಂಗನ್ 2019ರ ಅಕ್ಟೋಬರಿನಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡು ಇಡೀ ಋತುವನ್ನು ಕಳೆದುಕೊಂಡರು. ಸರಿಯಾದ ಶುಶ್ರೂಷೆ ಸಿಕ್ಕಿದ್ದರಿಂದ 2021ರಲ್ಲಿ ಕ್ರೊಯೇಷಿಯಾದ ಕ್ಲಬ್ಬಿಗೆ ಹೋಗುವಷ್ಟು ಸುಧಾರಿಸಿದರು. ನಮ್ಮಲ್ಲಿ ಎಣ್ಣೆ ತಿಕ್ಕಿಸಿ, ಬ್ಯಾಂಡೇಜ್ ಸುತ್ತಿ ಮುಂದಿನ ಭಾನುವಾರ ಇಳಿಸುತ್ತೇವೆ. ಊತ ಇಳಿದರೆ ವಾಸಿಯಾಯಿತು ಎಂದಲ್ಲ. ತಿರುಗುವಾಗ ಮೊಣಕಾಲು ‘ಜಾರಿದ ಹಾಗೆ’ ಆಗುತ್ತದೆ ಎಂದು ಹುಡುಗ ಹೇಳಿದರೆ ಆ ದಿನವೇ ಮೂಳೆ ವೈದ್ಯರ ಬಳಿ ಕಳಿಸಬೇಕು.

ತಡೆಯಲು ಖರ್ಚಿಲ್ಲದ ದಾರಿಯೂ ಇದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರು ರೂಪಿಸಿದ ‘11+’ ಎಂಬ ವಾರ್ಮ್ ಅಪ್: 15 ಕಸರತ್ತು, 20 ನಿಮಿಷ. ಎಂಟು ನಿಮಿಷ ನಿಧಾನ ಓಟ, ಹತ್ತು ನಿಮಿಷ ಬಲ ಮತ್ತು ಸಮತೋಲನ, ಎರಡು ನಿಮಿಷ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದಿವೆ. ಅದರಲ್ಲೊಂದು ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್: ಮಂಡಿಯೂರಿ ಕೂತು, ಗೆಳೆಯ ಹಿಂದಿನಿಂದ ಹಿಮ್ಮಡಿ ಹಿಡಿದಿರುವಾಗ, ಬೆನ್ನು ಬಾಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುವುದು. ಹೊಸಬರಿಗೆ 3ರಿಂದ 5 ಸಲ ಸಾಕು. ಮೊದಲ ದಿನವೇ ಇಪ್ಪತ್ತು ಮಾಡಿಸಿದರೆ ಮೂರು ದಿನ ಮೆಟ್ಟಿಲು ಇಳಿಯಲಾಗದೆ ನಿಮ್ಮನ್ನು ಬೈಯುತ್ತಾರೆ. ಹುಡುಗಿಯರಿಗೆ ಎಸಿಎಲ್ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಅವರ ತಂಡಗಳಲ್ಲಿ ಇದು ಕಡ್ಡಾಯವಾಗಲಿ. ಹುಡುಗಿಯರ ಲೀಗೂ ಇದರ ಜೊತೆಗೇ ಬೇಕು. 2025ರ ಜುಲೈನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದು ಭಾರತದ ಮಹಿಳಾ ತಂಡ.

ಬೂಟಿನ ಬಗ್ಗೆ ಪೋಷಕರಲ್ಲಿ ಒಂದೇ ಕೋರಿಕೆ: ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಒಂದು ಸೈಜ್ ದೊಡ್ಡದು ಕೊಡಿಸಬೇಡಿ. ಒಳಗೆ ಕಾಲು ಜಾರಿ ಗೆಣ್ಣು ತಿರುಚುವುದು ಅದರಿಂದಲೇ. ಅಕ್ಟೋಬರಿನ ಒದ್ದೆ ನೆಲಕ್ಕೆ ಆರು ಉದ್ದ ಸ್ಟಡ್ಡಿನದು, ಜನವರಿಯ ಗಟ್ಟಿ ನೆಲಕ್ಕೆ ಹತ್ತು ಹನ್ನೆರಡು ಗಿಡ್ಡ ಸ್ಟಡ್ಡಿನದು. ಎರಡು ಜೊತೆ ಕೊಡಿಸಲಾಗದಿದ್ದರೆ ಗಿಡ್ಡ ಸ್ಟಡ್ಡಿನದೇ ಇರಲಿ. ಜಾರಿ ಬಿದ್ದರೆ ಮೈ ಕೆಸರಾಗುತ್ತದೆ. ಉದ್ದ ಸ್ಟಡ್ಡು ಗಟ್ಟಿ ನೆಲಕ್ಕೆ ಕಚ್ಚಿಕೊಂಡರೆ ಮೊಣಕಾಲು ತಿರುಗಿಬಿಡುತ್ತದೆ.

ತಲೆಯ ಪೆಟ್ಟಿನ ವಿಷಯದಲ್ಲಿ ರಾಜಿ ಬೇಡ. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ಮೇಲೆ ಗ್ಲಾಸ್ಗೋದಲ್ಲಿ ನಡೆದ, 2019 ಮತ್ತು 2021ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಮರೆಗುಳಿಯಂಥ ಮಿದುಳಿನ ರೋಗಗಳ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಕಂಡಿತು; ಡಿಫೆಂಡರ್‌ಗಳಲ್ಲಿ ಅದು ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳಲ್ಲಿ ಅಂಥ ಏರಿಕೆ ಇರಲಿಲ್ಲ. ಚೆಂಡಿಗೆ ಹೆಚ್ಚು ತಲೆ ಕೊಡುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಬೇಡವೆಂದರು. ದೊಡ್ಡವರಿಗೂ 2021ರಿಂದ ವಾರಕ್ಕೆ ಹತ್ತು ಜೋರಿನ ಹೆಡರ್ ಮಿತಿ ಇದೆ. ಇಲ್ಲಿಯೂ ಹನ್ನೆರಡರವರೆಗೆ ಹೆಡಿಂಗ್ ಅಭ್ಯಾಸ ಬೇಡ. ಆಮೇಲೆ ಹಗುರ ಚೆಂಡಿನಿಂದ, ಹಣೆಯ ಮಧ್ಯಭಾಗದಿಂದ, ಕಣ್ಣು ತೆರೆದು, ಕತ್ತು ಬಿಗಿಹಿಡಿದು ಕಲಿಸಿ. ನೀರು ಕುಡಿದು ಭಾರವಾದ ಹಳೆಯ ಚೆಂಡಂತೂ ಬೇಡವೇ ಬೇಡ. 5ನೇ ನಂಬರಿನ ಚೆಂಡು 410ರಿಂದ 450 ಗ್ರಾಂ ಇರಬೇಕು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ತಲೆಗೆ ತಲೆ ಬಡಿದು ಹುಡುಗ ಮಂಕಾದರೆ, ‘ಆಡ್ತೀನಿ ಸರ್’ ಎಂದು ಅವನು ಎಷ್ಟೇ ಗೋಗರೆದರೂ ಆ ದಿನ ಮತ್ತೆ ಇಳಿಸುವಂತಿಲ್ಲ. ಇದನ್ನು ಲೀಗಿನ ನಿಯಮದಲ್ಲೇ ಬರೆಯಿರಿ, ರೆಫರಿಗೆ ಅಧಿಕಾರ ಕೊಡಿ.

ಹದಿನಾರು ತುಂಬಿದವರಿಗೆ ವರ್ಷಕ್ಕೊಮ್ಮೆ ಇಸಿಜಿ ಮತ್ತು ವೈದ್ಯರ ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗಲಿ. ಭಾರತದ ಸ್ಟಾಪರ್ ಅನ್ವರ್ ಅಲಿ ಅವರಿಗೆ ಹೃದಯದ ತೊಂದರೆ ಇರುವುದು 2019ರಲ್ಲಿ ತಪಾಸಣೆಯಿಂದಲೇ ತಿಳಿಯಿತು.

ಕಾಗದಪತ್ರಗಳಿಗೆ ಬಂದರೆ, ಹುಟ್ಟಿದ ದಿನಾಂಕ ತಿದ್ದುವ ಕೆಲಸ ಇನ್ನಾದರೂ ನಿಲ್ಲಬೇಕು. ಕಿರಿಯರ ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಟಿಡಬ್ಲ್ಯೂ-3 ಪರೀಕ್ಷೆ ಇದೆ. ಅಲ್ಲಿ ಸಿಕ್ಕಿಬಿದ್ದ ಹುಡುಗನಿಗೆ ಶಿಕ್ಷೆ, ತಿದ್ದಿಸಿದ ದೊಡ್ಡವರು ಹೆಚ್ಚಾಗಿ ಪಾರಾಗುತ್ತಾರೆ. ಎರಡನೆಯದು ನೋಂದಣಿ. ಮಗು ಹನ್ನೆರಡಕ್ಕೆ ಯಾವ ಕ್ಲಬ್ಬಿನಲ್ಲಿತ್ತು ಎಂಬುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಸಿಆರ್‌ಎಸ್ ಎಂಬ ಆಟಗಾರರ ನೋಂದಣಿ ದಾಖಲೆಯಲ್ಲಿ ಇರಬೇಕು. ಕಾರಣ ಹಣ. ಹೊಸ ಕ್ಲಬ್ ಹಳೆಯ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಕೊಟ್ಟು ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶಕ್ಕೆ ಹೋದರೆ, ಆ ಶುಲ್ಕದ 5 ಶೇಕಡ ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕೆಂದು ಫಿಫಾ ನಿಯಮವಿದೆ: 12ರಿಂದ 15ರವರೆಗೆ ವರ್ಷಕ್ಕೆ 0.25 ಶೇಕಡ, 16ರಿಂದ 23ರವರೆಗೆ ವರ್ಷಕ್ಕೆ 0.5. 12ರಿಂದ 17ರವರೆಗೆ ಸಾಗರದ ಒಂದು ಕ್ಲಬ್ಬಿನಲ್ಲಿ ನೋಂದಾಯಿತನಾಗಿದ್ದವನಿಗೆ ಒಂದು ಕೋಟಿ ರೂಪಾಯಿ ಶುಲ್ಕ ಬಂದರೆ, ಆ ಕ್ಲಬ್ಬಿನ ಪಾಲು ಎರಡು ಲಕ್ಷ. ಹೆಸರು ದಾಖಲಾಗದಿದ್ದರೆ ಸೊನ್ನೆ. ಜಿಲ್ಲೆಯ ತಂಡಗಳಲ್ಲಿ ಬಹುತೇಕವು ಟೂರ್ನಮೆಂಟಿಗಾಗಿ ಸೇರಿ ಮಾರನೇ ದಿನ ಚದುರುವಂಥವು. ನೋಂದಾಯಿತ ಕ್ಲಬ್ ಆಗುವ ಕಾರಣವೇ ಅವಕ್ಕಿಲ್ಲ. ಲೀಗ್ ಬಂದರೆ ಆ ಕಾರಣ ಬರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮನೆಯವರು ನೆನಪಿಡಬೇಕಾದ್ದು: ಹದಿನೆಂಟು ತುಂಬದವರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ, ದೊಡ್ಡವರದು ಐದು. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಬರಹದಲ್ಲಿ ನೋಟಿಸ್ ಕೊಟ್ಟು, 15 ದಿನ ಕಾದು, ಆಗಲೂ ಬಾರದಿದ್ದರೆ ಒಪ್ಪಂದ ಮುರಿಯುವ ಹಕ್ಕಿದೆ. ಫೋನಿನಲ್ಲಿ ಹೇಳಿದ್ದು ನೋಟಿಸ್ ಅಲ್ಲ.

ಇಷ್ಟಾದ ಮೇಲೆ ನಮ್ಮ ಬೇಡಿಕೆ ಚಿಕ್ಕದು. 15 ವರ್ಷದೊಳಗಿನವರಿಗೆ ಒಂದು, 17 ವರ್ಷದೊಳಗಿನವರಿಗೆ ಒಂದು, ಹುಡುಗಿಯರಿಗೆ ಒಂದು, ಹೀಗೆ ಮೂರು ಲೀಗ್. ಯಾವ ವಾರವಾದರೂ ಮೂರಕ್ಕೂ ಒಂದೊಂದು ಮೈದಾನ. ಒಂದು ಲೀಗಿಗೆ ವಾರಕ್ಕೆ ನಾಲ್ಕು ಪಂದ್ಯವೆಂದರೆ ರೆಫರಿ ಮತ್ತು ಇಬ್ಬರು ಲೈನ್ಸ್‌ಮನ್ ಸೇರಿ 12 ಪಾಳಿ. ಆರು ಜನ ತರಬೇತಾದವರು ತಲಾ ಎರಡು ಪಂದ್ಯ ನಿಂತರೆ ನಡೆಯುತ್ತದೆ. ಮೂರಕ್ಕೂ ಸೇರಿ ಹದಿನೆಂಟು ಜನ. ಅವರ ಬಸ್ ಚಾರ್ಜು ಮತ್ತು ಭತ್ಯೆ ಪಂದ್ಯದ ದಿನವೇ ಕೈಗೆ ಸಿಗಬೇಕು, ಮಾರ್ಚ್ ಕೊನೆಯ ಬಿಲ್ಲಿಗೆ ಕಾಯಿಸಬೇಡಿ. ಬಹುಮಾನದ ಹಣವೇ ಬೇಡ, ಅದನ್ನು ತಂಡಗಳ ಪ್ರಯಾಣಕ್ಕೆ ಹಂಚಿ. ಆಯ್ಕೆ ಶಿಬಿರ ಮಾಡುವಾಗ ನಾಲ್ವರು ಡಿಫೆಂಡರ್‌ಗಳನ್ನು ಒಟ್ಟಿಗೆ, ಕನಿಷ್ಠ 30 ನಿಮಿಷ, ಬಾವುಟ ಹಿಡಿದ ಲೈನ್ಸ್‌ಮನ್ ಇಟ್ಟು ಆಡಿಸಿ ನೋಡಿ.

ಈ ಅಕ್ಟೋಬರ್ ಎರಡನೇ ಶನಿವಾರ ಮೊದಲ ಪಂದ್ಯ ಆಗಬೇಕಾದರೆ ಬಸಿಗಾಲುವೆಯ ಅಗೆತ ಏಪ್ರಿಲ್‌ನಲ್ಲೇ ಶುರುವಾಗಬೇಕು. ಪೈಪು, ಜಲ್ಲಿ ಮೇ ಮೂರನೇ ವಾರದೊಳಗೆ ಮುಚ್ಚಿರಬೇಕು. ಗರಿಕೆಯ ತುಂಡುಗಳನ್ನು ಮುಂಗಾರಿನ ಮೊದಲ ಹದಕ್ಕೆ ನೆಟ್ಟರೆ ಬೇರೂರಿ ಹಬ್ಬಲು ಎರಡು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಮೈದಾನದೊಳಗೆ ಯಾರೂ ಕಾಲಿಡಬಾರದು, ಸ್ವಾತಂತ್ರ್ಯ ದಿನದ ಪಥಸಂಚಲನವೂ ಸೇರಿ. ಆ ಪಥಸಂಚಲನಕ್ಕೆ ಬೇರೆ ಜಾಗ ನೋಡುವ ಆದೇಶಕ್ಕೆ ಈಗಲೇ ಸಹಿ ಬೀಳಬೇಕು.

ಇತಿ,
ಶಿವಮೊಗ್ಗ ಜಿಲ್ಲೆಯ ಫುಟ್‌ಬಾಲ್ ತರಬೇತುದಾರರು, ರೆಫರಿಗಳು ಮತ್ತು ಮೈದಾನದ ಕೆಲಸದವರು